ಹಾಡಿದವರ ಕೂಲಿ, ಹೊತ್ತವರ ಹೆಸರು

“ನಿಮಗ್ಯಾಕ್ರಪ್ಪಾ ಈ ಬಿಳಿಯರ ಗದ್ಲ? ನಮ್ಮ ತಮಟೆ ಸತ್ತೋಯ್ತಾ?” ಎಂದು ನಮ್ಮವರೇ ಕೇಳುತ್ತಾರೆ. ಸಂಘಟನೆಯಲ್ಲಿ ತಲೆ ನರೆತ ಅಣ್ಣಂದಿರು ಅವರು. ಆ ಪ್ರಶ್ನೆಯಲ್ಲಿ ಸಿಟ್ಟಿದೆ, ಪ್ರೀತಿಯೂ ಇದೆ. “ಪ್ರೋಗ್ರೆಸಿವ್ ರಾಕ್ ಅಂತೀರಿ. ಏನು ಪ್ರೋಗ್ರೆಸ್ಸು ಅದರಲ್ಲಿ? ಅದನ್ನ ಕೇಳಿದ್ರೆ ಯಾವ ಕೇರಿಗೆ ನಲ್ಲಿ ಬರುತ್ತೆ?” ಎನ್ನುತ್ತಾರೆ.

ಇನ್ನೊಂದು ಕಡೆಯಿಂದ ಇನ್ನೊಂದು ಪ್ರಶ್ನೆ. ಬೆಂಗಳೂರಿನ ಕಚೇರಿ, ಕಾಲೇಜುಗಳಲ್ಲಿ ಕಾನ್ವೆಂಟ್ ಓದಿ ಬಂದವರು ನಮ್ಮ ಬಾಯಲ್ಲಿ ಪಿಂಕ್ ಫ್ಲಾಯ್ಡ್ ಹೆಸರು ಕೇಳಿದ ಕೂಡಲೆ ಹುಬ್ಬೇರಿಸಿ, “ಓ, ನಿಮಗೂ ಗೊತ್ತಾ?” ಎನ್ನುತ್ತಾರೆ. ಆ ‘ನಿಮಗೂ’ ಎಂಬ ಮಾತಿನ ತುದಿಯಲ್ಲಿ ಒಂದು ‘ಊ’ ಇದೆಯಲ್ಲ, ಅದರೊಳಗೆ ಒಂದು ಊರಿದೆ, ಊರಾಚೆಯ ಕೇರಿಯೂ ಇದೆ.

ಒಬ್ಬರು ಪ್ರೀತಿಯಿಂದ, ಇನ್ನೊಬ್ಬರು ತಾತ್ಸಾರದಿಂದ. ಆದರೆ ಎರಡೂ ಕಡೆಯವರು ಎಳೆಯುವ ಗೆರೆ ಒಂದೇ. ಯಾರ ಕಿವಿಗೆ ಯಾವ ಸದ್ದು ಎಂದು ಹಂಚಿಕೊಟ್ಟವನು ಯಾರು? ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಎಂದು ಧರ್ಮಸೂತ್ರದಲ್ಲಿ ಬರೆದಿಟ್ಟ ದೇಶ ಇದು. ಆ ಕಿವಿಗಿಂತಲೂ ಆಚೆ ನಿಲ್ಲಿಸಿದ ಕಿವಿ ನಮ್ಮದು. ಹಾಗಾಗಿ ನಾವು ಏನನ್ನು ಕೇಳುತ್ತೇವೆ, ಯಾಕೆ ಕೇಳುತ್ತೇವೆ ಎಂಬುದು ಬರೀ ಖಯಾಲಿಯ ಮಾತಲ್ಲ. ಅಣ್ಣಂದಿರ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ನಾವು ಅಂದರೆ ಮೂವರು. ಚಾಮರಾಜನಗರ ಕಡೆಯ ಹಟ್ಟಿಗಳಿಂದ ಬಂದು, ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಓದಿದವರು. ಈಗ ಒಬ್ಬ ಸರ್ಕಾರಿ ಶಾಲೆಯ ಮೇಷ್ಟ್ರು, ಒಬ್ಬ ಗುಮಾಸ್ತ, ಒಬ್ಬ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡುವವ. ಈ ಸಂಗೀತ ನಮಗೆ ಸಿಕ್ಕಿದ್ದು ಫುಟ್‌ಪಾತಿನಲ್ಲಿ. 2000ದ ಸುಮಾರಿಗೆ ಮೆಜೆಸ್ಟಿಕ್ಕಿನಲ್ಲಿ ಗೋಣಿತಾಟು ಹಾಸಿ ಎಂಪಿ3 ಸಿಡಿ ಮಾರುತ್ತಿದ್ದರು. ರಾಜ್‌ಕುಮಾರ್ ಹಾಡಿನ ಸಿಡಿ ಕೊಳ್ಳಲು ಹೋಗಿ, ಕವರ್ ಚಂದ ಇದೆ ಎಂದು ಇನ್ನೊಂದನ್ನೂ ಎತ್ತಿಕೊಂಡೆವು. ಕಪ್ಪು ಬಯಲು. ನಡುವೆ ಗಾಜಿನ ತ್ರಿಕೋನ. ಒಂದು ಕಡೆಯಿಂದ ಬಿಳಿ ಬೆಳಕಿನ ಗೆರೆ ಒಳಕ್ಕೆ, ಇನ್ನೊಂದು ಕಡೆಯಿಂದ ಬಣ್ಣಬಣ್ಣವಾಗಿ ಹೊರಕ್ಕೆ. ನಮ್ಮ ಮೇಷ್ಟ್ರು ಬೆರಳಿಟ್ಟು ಎಣಿಸಿದ: “ಏಳು ಬಣ್ಣ ಅಂತ ಶಾಲೇಲಿ ಹೇಳ್ಕೊಟ್ರು. ಇಲ್ಲಿ ಆರೇ ಅವೆ ಕಣ್ರೋ!” ನಿಜ. 1973ರ ಆ ಕವರಿನಲ್ಲಿ ಊದಾ ಬಣ್ಣ ಇಲ್ಲ. ವರ್ಣದ ಲೆಕ್ಕದಲ್ಲಿ ನಮ್ಮ ದೇಶದವರನ್ನು ಏಮಾರಿಸುವುದು ಅಷ್ಟು ಸುಲಭ ಅಲ್ಲ.

ರೆಕಾರ್ಡಿನ ಹೆಸರು ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. ಹಾಡಿದವರು ಪಿಂಕ್ ಫ್ಲಾಯ್ಡ್. ಮೊದಲು ಅರ್ಥವಾಗಲಿಲ್ಲ. ಎದೆ ಬಡಿತದ ಸದ್ದು, ಗಡಿಯಾರಗಳ ಕೂಗಾಟ, ಯಾರೋ ಓಡುವ ಹೆಜ್ಜೆ. ಅರ್ಥವಾಗದಿದ್ದರೂ ಬಿಡಲಾಗಲಿಲ್ಲ. ಆಮೇಲೆ ಒಂದೊಂದೇ ತಂಡ ಸಿಕ್ಕವು: ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ರಷ್. ಇವರ ಹಾಡು ಮೂರು ನಿಮಿಷಕ್ಕೆ ಮುಗಿಯುವುದಿಲ್ಲ. ಪಿಂಕ್ ಫ್ಲಾಯ್ಡ್‌ನ 1971ರ ‘ಎಕೋಸ್’ 23 ನಿಮಿಷ. ಜೆನೆಸಿಸ್‌ನ 1972ರ ‘ಸಪ್ಪರ್ಸ್ ರೆಡಿ’ ಕೂಡ ಅಷ್ಟೇ. ರೇಡಿಯೋದವರು ಇದನ್ನು ಹೇಗೆ ಹಾಕುವುದು ಎಂದು ತಲೆ ಕೆರೆದುಕೊಂಡರು, ಇಷ್ಟುದ್ದ ಯಾರು ಕೂತು ಕೇಳುತ್ತಾರೆ ಎಂದು ವಿಮರ್ಶಕರು ಹಂಗಿಸಿದರು. ನಮಗೆ ನಗು ಬರುತ್ತದೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಎತ್ತಿದರೆ ಬೆಳಗಿನ ಕೋಳಿ ಕೂಗುವವರೆಗೆ ಇಳಿಸುತ್ತಿರಲಿಲ್ಲ. ನಡುವೆ ನಿದ್ದೆ ಹೋಗಿ, ಎಚ್ಚರಾಗಿ, ‘ಇನ್ನೂ ರಾಚಪ್ಪಾಜಿ ಕಷ್ಟ ತೀರಲಿಲ್ವಾ’ ಎಂದು ಕಣ್ಣುಜ್ಜಿಕೊಂಡು ಕೂತು ಕೇಳಿದವರು ನಾವು. ಒಂದು ರಾತ್ರಿಯ ಕತೆ ಕೇಳಿದ ಕಿವಿಗೆ 23 ನಿಮಿಷ ಯಾವ ಮಹಾ?

ಅಷ್ಟೇ ಅಲ್ಲ. ಆ ಉದ್ದದೊಳಗೆ ಅವರು ಮಾಡುವ ಕೆಲಸ ನಮಗೆ ಗುರುತಿನದು. ಒಂದು ಮಟ್ಟು ಹಿಡಿಯುತ್ತಾರೆ, ಬಿಡುತ್ತಾರೆ, ಎಲ್ಲೋ ಅಲೆದು ಬಂದು ಮತ್ತೆ ಹಿಡಿಯುತ್ತಾರೆ. ನಡುವೆ ಮಾತು, ನಡುವೆ ಮೌನ. ‘ಎಕೋಸ್’ ಶುರುವಾಗುವುದು ಒಂದೇ ಒಂದು ಸ್ವರದಿಂದ. ಪಿಯಾನೋದ ಒಂದು ಮನೆ ಒತ್ತಿ, ಅದನ್ನು ತಿರುಗುವ ಸ್ಪೀಕರಿನ ಮೂಲಕ ಹಾಯಿಸಿದ್ದಾರೆ. ಆಳದ ಬಾವಿಗೆ ನೀರ ಹನಿ ಬಿದ್ದ ಹಾಗೆ ಕೇಳುತ್ತದೆ. ‘ಮನಿ’ ಎಂಬ ಹಾಡು ಏಳೇಟಿನ ಲೆಕ್ಕದಲ್ಲಿ ನಡೆಯುತ್ತದೆ. ನಾಲ್ಕೇಟಿಗೆ ಕುಣಿದು ಅಭ್ಯಾಸವಾದ ಇಂಗ್ಲೆಂಡಿನ ಹುಡುಗರಿಗೆ ಅದು ಎಡವುವ ನಡೆ. ನಮಗೆ ಎಡವಲಿಲ್ಲ. ನಮ್ಮ ತಮಟೆಯವರು ಲೆಕ್ಕವನ್ನು ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ಇಟ್ಟುಕೊಂಡಿರುತ್ತಾರೆ. ಆ ಹಾಡಿನ ಮೊದಲಿಗೆ ಕೇಳುವ ದುಡ್ಡಿನ ಸದ್ದು ಬಂದದ್ದು ಹೀಗೆ: ರೋಜರ್ ವಾಟರ್ಸ್ ತನ್ನ ಹೆಂಡತಿ ಮಡಕೆ ಮಾಡಲು ಜೇಡಿ ಕಲಸುತ್ತಿದ್ದ ಬೋಗುಣಿಗೆ ಚಿಲ್ಲರೆ ಎಸೆದು ಅದನ್ನು ಟೇಪಿಗೆ ಹಿಡಿದರು. ಕತ್ತರಿಸಿದ ಕಾಗದ, ಅಂಗಡಿಯ ಗಲ್ಲಾಪೆಟ್ಟಿಗೆ ಇವುಗಳ ಸದ್ದನ್ನೂ ಸೇರಿಸಿ, ಟೇಪಿನ ತುಂಡುಗಳನ್ನು ಅಳತೆ ಹಿಡಿದು ಅಂಟಿಸಿ, ಬಳೆಯ ಹಾಗೆ ಸುತ್ತಿಸಿದರು. ಕುಂಬಾರರ ಕೆಸರಲ್ಲಿ ಹುಟ್ಟಿದ ತಾಳ ಅದು.

ಆಗಿನ ಕಾಲದ ಇನ್ನೊಂದು ವಾದ್ಯ ಮೆಲೊಟ್ರಾನ್. 1963ರಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿತ್ತು. ನೋಡಲು ಹಾರ್ಮೋನಿಯಂ ಥರ ಮನೆಗಳಿವೆ. ಆದರೆ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಯಾರೋ ಪಿಟೀಲು ನುಡಿಸಿದ್ದನ್ನು, ಯಾರೋ ಕೊಳಲು ಊದಿದ್ದನ್ನು ಅದರಲ್ಲಿ ಮುಂಚೆಯೇ ಹಿಡಿದಿಟ್ಟಿರುತ್ತಾರೆ. ಮನೆ ಒತ್ತಿದರೆ ಆ ಕಾಣದ ಮನುಷ್ಯನ ಕೈ ಎಚ್ಚರಾಗುತ್ತದೆ. ಸುಮಾರು ಎಂಟು ಸೆಕೆಂಡು ನುಡಿಯುತ್ತದೆ. ಪಟ್ಟಿ ಮುಗಿದರೆ ಸದ್ದೂ ಮುಗಿಯಿತು. ಬಿಟ್ಟು ಮತ್ತೆ ಒತ್ತಬೇಕು. ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ರೆಕಾರ್ಡಿನಲ್ಲಿ ಈ ವಾದ್ಯ ಒಂದು ದೊಡ್ಡ ಸೈನ್ಯದ ಹಾಗೆ ಏಳುತ್ತದೆ. ಇಷ್ಟೊಂದು ಜನರ ಸದ್ದು ಒಬ್ಬನ ಬೆರಳಿಗೆ ಸಿಕ್ಕರೆ ನಮ್ಮ ಹೊಟ್ಟೆಪಾಡೇನು ಎಂದು ಇಂಗ್ಲೆಂಡಿನ ವಾದ್ಯಗಾರರ ಸಂಘ ತಕರಾರು ತೆಗೆಯಿತು. ನ್ಯಾಯವಾದ ತಕರಾರು. ಹಾಡು ಕೇಳುತ್ತ ಮೈಮರೆತಿದ್ದ ನಮಗೆ ಕೂಲಿಯ ಪ್ರಶ್ನೆ ಎದ್ದದ್ದು ಇಲ್ಲಿಂದ. ಈ ಸದ್ದು ಯಾರದು? ಅವನಿಗೆ ಎಷ್ಟು ಸಿಕ್ಕಿತು?

ಈ ಸಂಗೀತ ಮಾಡಿದವರಲ್ಲಿ ಉಳ್ಳವರ ಮಕ್ಕಳು ಬಹಳ. ಮುಚ್ಚಿಟ್ಟು ಪ್ರಯೋಜನ ಇಲ್ಲ. ಜೆನೆಸಿಸ್ ಹುಟ್ಟಿದ್ದು ಚಾರ್ಟರ್‌ಹೌಸ್ ಎಂಬ ಸಿರಿವಂತರ ಶಾಲೆಯಲ್ಲಿ, 1967ರಲ್ಲಿ. ಪಿಂಕ್ ಫ್ಲಾಯ್ಡ್‌ನ ಮೂವರು ಸೇರಿದ್ದು ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ. ಆದರೆ ಎಲ್ಲರೂ ಹಾಗಲ್ಲ. ಯೆಸ್ ತಂಡದ ಜಾನ್ ಆಂಡರ್ಸನ್ ಲ್ಯಾಂಕಾಶೈರಿನ ಆಕ್ರಿಂಗ್ಟನ್ ಊರಿನವರು. 15ಕ್ಕೆ ಶಾಲೆ ಬಿಟ್ಟು ಹೊಲದಲ್ಲಿ ದುಡಿದು, ಲಾರಿಯಲ್ಲಿ ಇಟ್ಟಿಗೆ ಸಾಗಿಸಿ, ಮನೆಮನೆಗೆ ಹಾಲು ಹಾಕಿದವರು. ರೋಜರ್ ವಾಟರ್ಸ್‌ನ ಅಪ್ಪ ಗಣಿ ಕಾರ್ಮಿಕನ ಮೊಮ್ಮಗ, ಶಾಲಾ ಮೇಷ್ಟ್ರು. ಮೊದಲು ಯುದ್ಧಕ್ಕೆ ಹೋಗಲೊಲ್ಲೆ ಎಂದು ಆಂಬುಲೆನ್ಸ್ ಓಡಿಸಿದವರು, ಆಮೇಲೆ ಫ್ಯಾಸಿಸಂ ವಿರುದ್ಧ ಹೋರಾಡಲೇಬೇಕೆಂದು ಸೇನೆ ಸೇರಿ, 1944ರಲ್ಲಿ ಇಟಲಿಯ ಆಂಝಿಯೋದಲ್ಲಿ ಸತ್ತರು. ಮಗನಿಗೆ ಆಗ ಐದು ತಿಂಗಳು. ಆ ಮಗ ಬೆಳೆದು ಕಟ್ಟಿದ ಹಾಡಿನ ಗೋಡೆಯ ಮೊದಲ ಇಟ್ಟಿಗೆ ಆ ಸಾವು.

ಈಗ ಕೂಲಿಯ ಮಾತಿಗೆ ಬರೋಣ.

‘ಡಾರ್ಕ್ ಸೈಡ್’ನಲ್ಲಿ ಒಂದು ಹಾಡಿದೆ. ಹಾಡು ಅಂತ ಹೇಗೆ ಹೇಳುವುದು, ಮಾತೇ ಇಲ್ಲ. ಒಬ್ಬ ಹೆಣ್ಣುಮಗಳು ಬರೀ ದನಿಯಲ್ಲಿ ಅಳುತ್ತಾಳೆ, ಕೂಗುತ್ತಾಳೆ, ಸೋಲುತ್ತಾಳೆ, ಮತ್ತೆ ಏಳುತ್ತಾಳೆ. ನಮ್ಮ ಹಟ್ಟಿಯಲ್ಲಿ ಸಾವಾದಾಗ ಅವ್ವಂದಿರು ಹೆಣದ ಮುಂದೆ ಕೂತು ದನಿ ಎತ್ತುತ್ತಿದ್ದರಲ್ಲ, ಆ ಪೈಕಿ. ಅದನ್ನು ಹಾಡಿದಾಕೆ ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರ ಕರೆಸಿಕೊಂಡರು. ಸಾವನ್ನು ನೆನೆದು ಹಾಡು, ಮಾತು ಬೇಡ ಎಂದರು. ಹಾಡಿದಳು. ಕೂಲಿ 30 ಪೌಂಡು. ಭಾನುವಾರವಾದ್ದರಿಂದ ಎರಡು ಪಟ್ಟು ಲೆಕ್ಕ. ಆ ರೆಕಾರ್ಡು ಕೋಟಿಗಟ್ಟಲೆ ಮಾರಾಟವಾಯಿತು. ಮೂವತ್ತು ವರ್ಷ ಹಾಡು ಕಟ್ಟಿದವರ ಹೆಸರಿನಲ್ಲಿ ಅವಳ ಹೆಸರು ಇರಲಿಲ್ಲ. 2004ರಲ್ಲಿ ಅವಳು ಕೋರ್ಟಿಗೆ ಹೋದಳು. ಆ ದನಿಯ ಏರಿಳಿತ ಯಾರೂ ಬರೆದುಕೊಟ್ಟದ್ದಲ್ಲ, ನಾನು ಅಲ್ಲೇ ನಿಂತು ಕಟ್ಟಿದ್ದು, ಇದು ನನ್ನ ರಚನೆ ಎಂದಳು. 2005ರಲ್ಲಿ ರಾಜಿಯಾಯಿತು. ಈಗ ಆ ಹಾಡಿಗೆ ಪಿಯಾನೋ ನುಡಿಸಿದ ರಿಚರ್ಡ್ ರೈಟ್ ಜೊತೆಗೆ ಅವಳ ಹೆಸರೂ ಅಚ್ಚಾಗುತ್ತದೆ.

ಅದೇ ರೆಕಾರ್ಡಿನ ಕೊನೆಯಲ್ಲಿ, ಎದೆ ಬಡಿತ ಅಡಗುವ ಮುಂಚೆ ಕೇಳುವ ಕೊನೆಯ ಮನುಷ್ಯ ದನಿ ಯಾರದು ಗೊತ್ತೆ? ಸ್ಟುಡಿಯೋದ ಬಾಗಿಲು ಕಾಯುವವನದು. ಗೆರಿ ಓ ಡ್ರಿಸ್ಕಾಲ್, ಐರಿಷ್ ಮನುಷ್ಯ. ಚಂದ್ರನ ಕತ್ತಲ ಮಗ್ಗುಲಿನ ಬಗ್ಗೆ ಕೊನೆಯ ಮಾತು ಅವನದು.

ಇನ್ನು ಮಕ್ಕಳ ಕತೆ. 1979ರ ‘ದಿ ವಾಲ್’ನಲ್ಲಿ ಶಾಲೆಯ ಮಕ್ಕಳು ಗುಂಪಾಗಿ ಹಾಡುವ ಹಾಡು ಲೋಕಕ್ಕೆಲ್ಲ ಗೊತ್ತು. ಹಾಡಿದ್ದು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳು. ಸಂಗೀತದ ಮೇಷ್ಟ್ರು ಅಲನ್ ರೆನ್‌ಶಾ ಅವರನ್ನು ಪಕ್ಕದ ಸ್ಟುಡಿಯೋಗೆ ಕರೆದುಕೊಂಡು ಹೋದರು. ಅವರ ದನಿಯ ಮೇಲೆ ದನಿ ಪೇರಿಸಿ ದೊಡ್ಡ ಗುಂಪಿನ ಹಾಗೆ ಕೇಳಿಸಿದರು. ಹಾಡು ಇಂಗ್ಲೆಂಡಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಶಾಲೆಗೆ 1,000 ಪೌಂಡು ಬಂತು. ಮಕ್ಕಳಿಗೆ ಕೂಲಿ ಅಂತ ದುಡ್ಡು ಬರಲಿಲ್ಲ. ಕಾನೂನು ಬದಲಾದ ಮೇಲೆ, 2004ರಲ್ಲಿ, ನಡುವಯಸ್ಸಿಗೆ ಬಂದಿದ್ದ ಆ ಮಕ್ಕಳಲ್ಲಿ ಕೆಲವರು ತಮ್ಮ ಪಾಲು ಕೇಳಿದರು. ವ್ಯವಸ್ಥೆಯ ವಿರುದ್ಧ ಹಾಡಿದ ಹಾಡಿಗೇ ಕೂಲಿ ಬಾಕಿ! ಗೆಳೆಯರೇ, ಬಂಡಾಯದ ಹಾಡು ಹಾಡಿಸುವವರೆಲ್ಲ ಈ ಲೆಕ್ಕವನ್ನು ಒಂದು ಸಲ ನೋಡಿಕೊಳ್ಳಬೇಕು. ನಾವೂ ಸಭೆ ಸಮಾರಂಭಕ್ಕೆ ತಮಟೆಯವರನ್ನು ಕರೆಸುತ್ತೇವೆ. ವೇದಿಕೆಯ ಮೇಲಿನವರ ಹೆಸರನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ತಮಟೆಯವರು ‘ಮತ್ತು ತಂಡ’ ಆಗುತ್ತಾರೆ.

ನಮ್ಮ ಮೇಷ್ಟ್ರಿಗೆ ಈ ಹಾಡಿನ ಜೊತೆ ಇನ್ನೊಂದು ಜಗಳ ಇತ್ತು. “ವಿದ್ಯೆ ಬೇಡ ಅಂತ ಹಾಡ್ತವೆ ಈ ಹೈಕ್ಳು. ಇವಕ್ಕೆ ಸಿಕ್ಕಿತ್ತು, ಬೇಡ ಅಂದ್ವು. ನಮ್ಮವ್ವ ನನ್ನ ಶಾಲೆಗೆ ಕಳ್ಸಕ್ಕೆ ಗೌಡ್ರ ಕೊಟ್ಟಿಗೇಲಿ ಸಗಣಿ ಬಾಚಿದ್ಲು. ನಾನು ಈ ಹಾಡ ಮಕ್ಳ ಮುಂದೆ ಹೆಂಗ್ ಹಾಕ್ಲಿ?” ಎನ್ನುತ್ತಿದ್ದ. ಬಾಬಾಸಾಹೇಬರು ಮೊದಲು ಹೇಳಿದ್ದೇ ಶಿಕ್ಷಣ. ಆಮೇಲೆ ಉಳಿದದ್ದು. ನಮ್ಮ ಪಾಲಿಗೆ ಶಾಲೆ ಅನ್ನುವುದು ಗೋಡೆ ಅಲ್ಲ, ಗೋಡೆಯಲ್ಲಿ ಕಂಡ ಒಂದೇ ಕಿಂಡಿ. ಹಾಗಿದ್ದ ಮೇಲೆ ಈ ಹಾಡು ನಮ್ಮದಾಗುವುದು ಹೇಗೆ?

ಉತ್ತರ ಕೊಟ್ಟದ್ದು ದಕ್ಷಿಣ ಆಫ್ರಿಕಾದ ಮಕ್ಕಳು. ಅಲ್ಲಿ 1953ರಲ್ಲಿ ಬಾಂಟು ಶಿಕ್ಷಣ ಕಾಯ್ದೆ ಅಂತ ತಂದಿದ್ದರು. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬೇರೆ ಪಾಠ. ಬಿಳಿಯರ ಮನೆಯಲ್ಲಿ, ಗಣಿಯಲ್ಲಿ ಚಾಕರಿ ಮಾಡಲು ಎಷ್ಟು ಬೇಕೋ ಅಷ್ಟು ವಿದ್ಯೆ. 1980ರಲ್ಲಿ ಕಪ್ಪು ಮಕ್ಕಳು, ಮಿಶ್ರವರ್ಣದ ಮಕ್ಕಳು ಶಾಲೆ ಬಹಿಷ್ಕರಿಸಿ ಬೀದಿಗೆ ಬಂದಾಗ ಅವರ ಬಾಯಲ್ಲಿ ಇದೇ ಹಾಡಿತ್ತು. ವರ್ಣಭೇದದ ಸರ್ಕಾರ ಅದೇ ವರ್ಷ ಹಾಡನ್ನು ನಿಷೇಧಿಸಿತು. ಆ ಮಕ್ಕಳು ಬೇಡ ಅಂದದ್ದು ವಿದ್ಯೆಯನ್ನಲ್ಲ, ಗುಲಾಮರನ್ನು ತಯಾರು ಮಾಡುವ ಪಾಠವನ್ನು. ನಮ್ಮಲ್ಲೂ ಶಾಲೆ ಅಂದರೆ ಎರಡು ಬಗೆ. ಪಕ್ಕದಲ್ಲಿ ಕೂರಿಸಿಕೊಳ್ಳುವ ಶಾಲೆ ಒಂದು, ಮೂಲೆಯಲ್ಲಿ ಕೂರಿಸಿ, ಕಸ ಗುಡಿಸಲು ಮಾತ್ರ ಹೆಸರು ಹಿಡಿದು ಕೂಗುವ ಶಾಲೆ ಇನ್ನೊಂದು. ಮೇಷ್ಟ್ರು ಈಗ ಹಾಡು ಹಾಕುತ್ತಾನೆ. ಮೊದಲು ದಕ್ಷಿಣ ಆಫ್ರಿಕಾದ ಕತೆ ಹೇಳಿ, ಆಮೇಲೆ ಹಾಕುತ್ತಾನೆ. “ಯಾವ ಮೇಷ್ಟ್ರ ಮೇಲೆ ನಿಮಗೆ ಸಿಟ್ಟಿದೆ, ಬರೀರಿ” ಎಂದು ಮಕ್ಕಳಿಗೆ ಕಾಗದ ಕೊಟ್ಟನಂತೆ. ಅರ್ಧ ಕಾಗದಗಳಲ್ಲಿ ಅವನದೇ ಹೆಸರು!

2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದಿದ್ದರು. ಅರಮನೆ ಮೈದಾನದಲ್ಲಿ ಕಾರ್ಯಕ್ರಮ. ಟಿಕೆಟ್ಟಿನ ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಕಾಂಪೌಂಡಿನ ಹೊರಗೆ, ಕಡ್ಲೆಕಾಯಿ ಗಾಡಿಯವನ ಪಕ್ಕ ನಿಂತು ಕೇಳಿದೆವು. ಗಾಳಿ ಈ ಕಡೆ ಬೀಸಿದಾಗ ಹಾಡು, ಆ ಕಡೆ ಬೀಸಿದಾಗ ಬಸ್ಸಿನ ಹಾರನ್ನು. ಗಾಡಿಯವನು, “ಇಷ್ಟೊತ್ತಾದ್ರೂ ಮುಗೀಲಿಲ್ವಲ್ಲ ಸಾರ್, ಹರಿಕತೇನಾ?” ಎಂದ. ಹೌದಪ್ಪಾ ಎಂದೆವು.

ಇನ್ನು ಚಿತ್ರಗಳು. ಈ ಸಂಗೀತವನ್ನು ನಾವು ಕಿವಿಯಲ್ಲಿ ಎಷ್ಟು ಕೇಳಿದ್ದೇವೋ ಕಣ್ಣಲ್ಲೂ ಅಷ್ಟೇ ಕೇಳಿದ್ದೇವೆ. ಕಿಂಗ್ ಕ್ರಿಮ್ಸನ್‌ನ ಮೊದಲ ರೆಕಾರ್ಡಿನ ಮೇಲೆ ಬಾಯಿ ಕಿಸಿದು ಕಿರುಚುವ ಕೆಂಪು ಮುಖ ಇದೆ. ಮೂಗಿನ ಹೊಳ್ಳೆ, ಗಂಟಲ ಕಿರುನಾಲಿಗೆ ಸಮೇತ. ಮಾರಿಹಬ್ಬದ ರಾತ್ರಿ ಕಂಡ ಮುಖದ ಹಾಗೆ. ಬರೆದವನು ಬ್ಯಾರಿ ಗಾಡ್ಬರ್, ಹೊಟ್ಟೆಪಾಡಿಗೆ ಕಂಪ್ಯೂಟರ್ ಪ್ರೋಗ್ರಾಮರ್. ಬರೆದ ಕವರ್ ಅದೊಂದೇ. 1970ರ ಫೆಬ್ರವರಿಯಲ್ಲಿ, 24ನೇ ವಯಸ್ಸಿನಲ್ಲಿ ಎದೆ ನಿಂತು ತೀರಿಕೊಂಡ.

ಪಿಂಕ್ ಫ್ಲಾಯ್ಡ್‌ನ ಕವರುಗಳನ್ನು ಹೆಚ್ಚಾಗಿ ಮಾಡಿದ್ದು ಹಿಪ್ನೋಸಿಸ್ ಎಂಬ ಜೋಡಿ, ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್. ಕಂಪ್ಯೂಟರ್ ಇಲ್ಲದ ಕಾಲ. ಫೋಟೋ ತೆಗೆದು, ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಇಲ್ಲದ್ದನ್ನು ಇದ್ದ ಹಾಗೆ ಕಾಣಿಸುತ್ತಿದ್ದರು. 1977ರ ‘ಅನಿಮಲ್ಸ್’ ರೆಕಾರ್ಡನ್ನು ನೋಡಿ. ಮನುಷ್ಯರನ್ನು ಹಂದಿ, ನಾಯಿ, ಕುರಿ ಎಂದು ಮೂರು ಜಾತಿ ಮಾಡಿ ಬಂಡವಾಳಶಾಹಿಯನ್ನು ಬಯ್ಯುವ ಹಾಡುಗಳು. ಕವರಿನಲ್ಲಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ, ಅದರ ನಾಲ್ಕು ಹೊಗೆಗೊಳವೆಗಳ ನಡುವೆ ಹಾರುವ ಹಂದಿ. 40 ಅಡಿಯ ಗಾಳಿಹಂದಿಯನ್ನೇ ಮಾಡಿಸಿದ್ದರು. 1976ರ ಡಿಸೆಂಬರಿನ ಮೊದಲ ದಿನ ಮೋಡ ಚೆನ್ನಾಗಿತ್ತು, ಹಂದಿ ಏಳಲಿಲ್ಲ. ಎರಡನೇ ದಿನ ಹಂದಿ ಎದ್ದಿತು, ಹಗ್ಗ ಕಿತ್ತುಕೊಂಡು ಹೊರಟೇಹೋಯಿತು. ಅಗತ್ಯ ಬಿದ್ದರೆ ಹೊಡೆದು ಇಳಿಸಲು ಮೊದಲ ದಿನ ಕರೆಸಿದ್ದ ಬಂದೂಕಿನವನನ್ನು ಅವತ್ತು ಕರೆಸಿರಲಿಲ್ಲ. ವಿಮಾನಗಳ ದಾರಿಗೆ ಅಡ್ಡ ಹಾಯ್ದು, ಕೊನೆಗೆ ಕೆಂಟ್ ಸೀಮೆಯ ಒಬ್ಬ ರೈತನ ಹೊಲದಲ್ಲಿ ಇಳಿಯಿತು. ಮೂರನೇ ದಿನ ಹಂದಿಯ ಫೋಟೋ ಸಿಕ್ಕಿತು, ಆಕಾಶ ಸಪ್ಪೆ. ಕೊನೆಗೆ ಮೊದಲ ದಿನದ ಆಕಾಶಕ್ಕೆ ಮೂರನೇ ದಿನದ ಹಂದಿಯನ್ನು ಅಂಟಿಸಿದರು. ಆ ಸ್ಥಾವರ 1983ರಲ್ಲಿ ನಿಂತಿತು. 2022ರಲ್ಲಿ ಅದೇ ಕಟ್ಟಡ ಅಂಗಡಿ ಸಾಲು, ಶ್ರೀಮಂತರ ಮನೆಗಳಾಗಿ ಬಾಗಿಲು ತೆರೆಯಿತು. ಹಂದಿಗೆ ತನ್ನ ಮನೆ ಸಿಕ್ಕಿತು ಎನ್ನೋಣವೆ?

1987ರಲ್ಲಿ ಥಾರ್ಗರ್ಸನ್ ಇನ್ನೊಂದು ಚಿತ್ರ ಮಾಡಿದ. ಡೆವನ್ನಿನ ಸಾಂಟನ್ ಸ್ಯಾಂಡ್ಸ್ ಎಂಬ ಸಮುದ್ರತೀರದಲ್ಲಿ ಸುಮಾರು 700 ಆಸ್ಪತ್ರೆ ಮಂಚಗಳು, ಕಣ್ಣು ಹಾಯುವಷ್ಟು ದೂರ ಸಾಲಾಗಿ. ಎಲ್ಲ ನಿಜವಾದ ಕಬ್ಬಿಣದ ಮಂಚ, ಹಾಸಿದ ಹಾಸಿಗೆ. ಸಾಲು ಹಿಡಿದು ಜೋಡಿಸಿದರು, ಮಳೆ ಬಂತು. ಎತ್ತಿಟ್ಟರು. ಇನ್ನೊಂದು ದಿನ ಮತ್ತೆ ಹೊತ್ತು ತಂದು ಮತ್ತೆ ಜೋಡಿಸಿದರು. ಚಿತ್ರ ಅದ್ಭುತ, ಅನುಮಾನವಿಲ್ಲ. ಆದರೆ ಮರಳಿನಲ್ಲಿ ಕಬ್ಬಿಣದ ಮಂಚ ಹೊರುವುದೆಂದರೆ ಏನೆಂದು ಕಲ್ಲು ಮಣ್ಣು ಹೊತ್ತವರ ಮಕ್ಕಳಿಗೆ ಗೊತ್ತು. ಆ ಚಿತ್ರ ನೋಡಿದಾಗಲೆಲ್ಲ ನಮ್ಮ ಕಣ್ಣು ಮಂಚದ ಕಾಲಿನ ಸುತ್ತ ಹೆಜ್ಜೆ ಗುರುತು ಹುಡುಕುತ್ತದೆ.

ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಮಾಡಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 700 ಮಂಚ ಹೊರಬೇಕಿಲ್ಲ, ಒಂದು ಮಂಚದ ಫೋಟೋ ಸಾಕು. ಕತ್ತರಿ, ಅಂಟು, ಕತ್ತಲೆ ಕೋಣೆ ಎಲ್ಲ ಒಂದು ಪರದೆಯೊಳಗೆ ಬಂದವು. ಹತ್ತು ಹದಿನೈದು ವರ್ಷದಲ್ಲಿ ಅದು ನಮ್ಮ ತಾಲ್ಲೂಕು ಬಸ್‌ಸ್ಟ್ಯಾಂಡಿನ ಪಕ್ಕದ ಫ್ಲೆಕ್ಸ್ ಅಂಗಡಿಗೂ ಬಂತು. ಇವತ್ತು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಕಾಣುವ ಚಿತ್ರಕಲೆ ಎಂದರೆ ಫ್ಲೆಕ್ಸು. ಕಲಾವಿಮರ್ಶಕರು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಅದರೊಳಗೆ ಇಡೀ ಸಮಾಜವೇ ಇದೆ. ಯಾರ ತಲೆ ದೊಡ್ಡದು, ಯಾರದು ಚಿಕ್ಕದು, ಯಾರು ಮೇಲಿನ ಸಾಲು, ಯಾರು ಕೆಳಗಿನ ಸಾಲು: ಇದರ ಮೇಲೆ ಜಗಳ ಆಗುತ್ತದೆ, ತಲೆ ಒಡೆಯುತ್ತದೆ. ಏಪ್ರಿಲ್ 14 ಹತ್ತಿರ ಬಂದರೆ ನಮ್ಮ ಗೆಳೆಯನಿಗೆ ನಿದ್ದೆ ಇಲ್ಲ. ಹಟ್ಟಿಯ ಹುಡುಗರು ಮೊಬೈಲಿನಲ್ಲಿ ತೆಗೆದ ಫೋಟೋ ತರುತ್ತಾರೆ. ಬಾಬಾಸಾಹೇಬರನ್ನು ಮೋಡದ ಮೇಲೆ ನಿಲ್ಲಿಸು, ಹಿಂದೆ ಪಾರ್ಲಿಮೆಂಟು ಇಡು, ಕೆಳಗೆ ನಮ್ಮನ್ನೆಲ್ಲ ಹಾಕು ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ, ದನಿ ತಗ್ಗಿಸಿ, “ಅಣ್ಣಾ, ಮೊಕ ವಸಿ ಬೆಳ್ಳಗೆ ಮಾಡಣ್ಣಾ” ಎನ್ನುತ್ತಾರೆ.

ಈ ಒಂದು ಮಾತು ಅವನನ್ನು ಸುಡುತ್ತದೆ. ಬಾಬಾಸಾಹೇಬರ ಕೆಳಗೆ ನಿಲ್ಲಲಿಕ್ಕೂ ಬೆಳ್ಳಗಾಗಬೇಕೇ? ಮೌಸು ಒಂದು ಬೆರಳು ಈ ಕಡೆ ಎಳೆದರೆ ಮುಖ ಬೆಳಗುತ್ತದೆ, ಜೊತೆಗೆ ಮೂಗಿನ ಪಕ್ಕದ ನೆರಳು ಹೋಗುತ್ತದೆ, ಹಣೆಯ ಗೆರೆ ಹೋಗುತ್ತದೆ, ಬಿಸಿಲು ಹೋಗುತ್ತದೆ. ಉಳಿಯುವುದು ಸಾಬೂನಿನ ಜಾಹೀರಾತು. ಚಿತ್ರ ಕತ್ತರಿಸಿ ಅಂಟಿಸುವುದು ಸುಳ್ಳು ಹೇಳುವ ವಿದ್ಯೆ ಎಂದು ಕೆಲವರು ಹೇಳುತ್ತಾರೆ. ಒಪ್ಪುವುದಿಲ್ಲ. 1930ರ ದಶಕದಲ್ಲಿ ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್ ಇದೇ ಕತ್ತರಿ ಅಂಟಿನಿಂದ ಹಿಟ್ಲರನ ಎದೆ ಬಗೆದು ತೋರಿಸಿದ. ಭಾಷಣ ಮಾಡುತ್ತಿರುವ ಹಿಟ್ಲರನ ಬೆನ್ನುಮೂಳೆಯ ಜಾಗದಲ್ಲಿ ಬಂಗಾರದ ನಾಣ್ಯಗಳ ಸಾಲು. 1932ರ ಚಿತ್ರ ಅದು. ಯಾವ ಕ್ಯಾಮರಾಗೂ ಕಾಣದ ನಿಜ ಅದು. ಅಂಟಿಸಿದ್ದು ಸುಳ್ಳೋ ನಿಜವೋ ಎಂಬುದು ಅಂಟಿನ ಪ್ರಶ್ನೆ ಅಲ್ಲ, ಕೈಯ ಪ್ರಶ್ನೆ.

ಹಾಗಾಗಿ ನಮ್ಮ ಗೆಳೆಯ ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದು, ಹಾಡು ಹಾಕಿಕೊಂಡು, ತನ್ನ ಚಿತ್ರ ಮಾಡುತ್ತಾನೆ. ಒಂದರಲ್ಲಿ ಊರ ಕೆರೆಯ ಮೇಲೆ ಚಂದ್ರ ಮೂಡಿದೆ. ಹತ್ತಿರ ಹೋಗಿ ನೋಡಿದರೆ ಅದು ಚಂದ್ರನಲ್ಲ, ಬೆಂಕಿಗೆ ಕಾಯಿಸಿದ ತಮಟೆಯ ಚರ್ಮ, ಹೊಲಿಗೆಯ ತೂತು ಸಮೇತ. ಇನ್ನೊಂದರಲ್ಲಿ ಪೌರಕಾರ್ಮಿಕ ಅವ್ವಂದಿರ ಪೊರಕೆಗಳು ಹೊಲದ ಜೋಳದ ಹಾಗೆ ಆಕಾಶದವರೆಗೂ ಬೆಳೆದು ನಿಂತಿವೆ. ಯಾರ ಮುಖವನ್ನೂ ಬೆಳ್ಳಗೆ ಮಾಡಿಲ್ಲ.

ಅಣ್ಣಂದಿರಿಗೆ ಒಂದು ಕತೆ ಹೇಳಬೇಕು. ಕೆನಡಾದ ರಷ್ ತಂಡ 1976ರಲ್ಲಿ ‘2112’ ಎಂಬ ಹಾಡು ಮಾಡಿತು. ಮುಂದೆ ಬರುವ ಒಂದು ಕಾಲದಲ್ಲಿ ಪುರೋಹಿತರ ಆಳ್ವಿಕೆ. ಏನು ಓದಬೇಕು, ಏನು ಕೇಳಬೇಕು ಎಲ್ಲವೂ ಗುಡಿಯಿಂದಲೇ ಬರಬೇಕು. ಒಬ್ಬ ಹುಡುಗನಿಗೆ ಜಲಪಾತದ ಹಿಂದಿನ ಗವಿಯಲ್ಲಿ ಹಳೆಯ ಗಿಟಾರು ಸಿಗುತ್ತದೆ. ತಾನೇ ಶ್ರುತಿ ಮಾಡಿಕೊಂಡು ನುಡಿಸುವುದನ್ನು ಕಲಿತು, ಸಂತೋಷದಿಂದ ಪುರೋಹಿತರಿಗೆ ತೋರಿಸುತ್ತಾನೆ. ಅವರು ಅದನ್ನು ಕಾಲಲ್ಲಿ ತುಳಿದು ಪುಡಿ ಮಾಡುತ್ತಾರೆ. ಕೇಳುತ್ತ ನಮಗೆ ರೋಮ ಎದ್ದಿತು. ಅವರಿಗೆ ಇದು ಮುಂದೆ ಬರುವ ಕಾಲ. ನಮಗೆ ಹಿಂದಿನಿಂದ ನಡೆದು ಬಂದ ಕಾಲ. ಮೃದಂಗಕ್ಕೆ ಚರ್ಮ ಹದ ಮಾಡಿ, ಬಿಗಿದು ಕೊಟ್ಟ ಕೈಗಳು ಬಹುಪಾಲು ದಲಿತರವು ಎಂದು ಟಿ. ಎಂ. ಕೃಷ್ಣ 2020ರಲ್ಲಿ ಪುಸ್ತಕ ಬರೆದರು. ಆ ಕೈಗಳು ವೇದಿಕೆಯ ಮೇಲೆ ಕಂಡದ್ದು ಎಷ್ಟು ಸಲ?

ಹಾಡು ರೋಮ ಎಬ್ಬಿಸಿತು ಎಂದು ಅದರ ವಿಚಾರಕ್ಕೆಲ್ಲ ನಾವು ತಲೆ ಕೊಟ್ಟಿಲ್ಲ. ಆ ರೆಕಾರ್ಡಿನ ಮೇಲೆ ಅಯ್ನ್ ರ‍್ಯಾಂಡ್ ಎಂಬ ಲೇಖಕಿಗೆ ಕೃತಜ್ಞತೆ ಇದೆ. ತನ್ನ ಪಾಡಿಗೆ ತಾನು ಮೇಲೆ ಬಂದವನೇ ಮನುಷ್ಯ, ಉಳಿದವರ ಹೊಣೆ ಯಾರಿಗೂ ಇಲ್ಲ ಎಂಬ ಪಂಥ ಅವಳದು. ಮೀಸಲಾತಿಯ ಬಗ್ಗೆ ‘ಮೆರಿಟ್ಟು, ಮೆರಿಟ್ಟು’ ಎನ್ನುವವರ ಬಾಯಿಗೆ ಸಕ್ಕರೆ. ಸಾಹಿತ್ಯ ಬರೆದ ನೀಲ್ ಪಿಯರ್ಟ್ ಮುಂದೆ ಆ ಪಂಥದಿಂದ ದೂರ ಸರಿದರು. ಕೇಳುವವನಿಗೆ ಕಿವಿಯ ಜೊತೆ ಬುದ್ಧಿಯೂ ಇರುತ್ತದೆ. ನಮಗೆ ಗವಿ ಬೇಕು, ಗಿಟಾರು ಬೇಕು, ಪುರೋಹಿತರ ಮೇಲಿನ ಸಿಟ್ಟು ಬೇಕು. ಮಿಕ್ಕದ್ದನ್ನು ಅವರಿಗೇ ವಾಪಸ್ಸು ಕೊಟ್ಟಿದ್ದೇವೆ.

ಆ ಸಂಗೀತದೊಳಗೇ ಬಂಡಾಯವೂ ಎದ್ದಿತು. ನಮ್ಮಲ್ಲಿ ‘ಪ್ರಗತಿಶೀಲ’ ಅನ್ನುವುದು ಹಳತಾಗಿ ಬೇರೆ ದನಿಗಳು ಎದ್ದಂತೆಯೇ. 1970ರ ದಶಕದ ನಡುವೆ ದೊಡ್ಡ ತಂಡಗಳು ಲಾರಿಗಟ್ಟಲೆ ಸಾಮಾನು ಹೊತ್ತು ಮೆರೆಯುತ್ತಿದ್ದವು. ರಿಕ್ ವೇಕ್‌ಮನ್ 1975ರಲ್ಲಿ ಆರ್ಥರ್ ರಾಜನ ಕತೆಯನ್ನು ಮಂಜುಗಡ್ಡೆಯ ಮೇಲೆ ಕುಣಿಸಿದರು. ಆಗ ಹೆನ್ರಿ ಕೌ ಎಂಬ ಎಡಪಂಥೀಯ ತಂಡ ಬೇರೆ ದಾರಿ ಹಿಡಿಯಿತು. ರೆಕಾರ್ಡಿನ ಕವರಿನ ಮೇಲೆ ಅವರು ಹಾಕಿದ್ದು ಒಂದು ಕಾಲುಚೀಲ! 1975ರ ಒಂದು ರೆಕಾರ್ಡಿಗೆ ಬ್ರೆಕ್ಟ್‌ನ ಪದ್ಯದಿಂದ ಹೆಸರು ತೆಗೆದುಕೊಂಡರು. ಕಲಿಕೆಯನ್ನು ಹೊಗಳುವ ಪದ್ಯ ಅದು, ನಮ್ಮ ಮೇಷ್ಟ್ರಿಗೆ ಬಹಳ ಪ್ರೀತಿ. ಕಂಪನಿಗಳ ಹಂಗು ಬೇಡ ಎಂದು ಇಂಗ್ಲೆಂಡ್, ಇಟಲಿ, ಸ್ವೀಡನ್, ಬೆಲ್ಜಿಯಂ, ಫ್ರಾನ್ಸಿನ ಐದು ತಂಡಗಳು 1978ರ ಮಾರ್ಚ್ 12ರಂದು ಲಂಡನ್ನಿನಲ್ಲಿ ಒಂದೇ ವೇದಿಕೆಗೆ ಬಂದವು. ‘ರಾಕ್ ಇನ್ ಅಪೊಸಿಷನ್’ ಎಂದು ಹೆಸರು. ಕಂಪನಿಗಳು ನಿಮ್ಮ ಕಿವಿಗೆ ಮುಟ್ಟಿಸಲು ಒಲ್ಲದ ಸಂಗೀತ ಇದು ಎಂದು ಸಾರಿದರು. ಒಂದು ವರ್ಷಕ್ಕೆ, 1979ರ ಮಾರ್ಚ್ 10, 11ರಂದು ಬೆಂಗಳೂರಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಇವರಿಗೆ ಅವರ ಸುದ್ದಿ ಮುಟ್ಟಿರಲಿಲ್ಲ, ಅವರಿಗೆ ಇವರದೂ ಇಲ್ಲ. ಬೆಂಕಿ ಎಲ್ಲಾದರೂ ಬೆಂಕಿಯೇ, ಸೌದೆ ಮಾತ್ರ ಆಯಾ ಊರಿನದು.

ಆದ್ದರಿಂದ ಅಣ್ಣಂದಿರೇ, ತಮಟೆ ಸತ್ತಿಲ್ಲ. ತಮಟೆ ಕಲಿಸಿದ ಕಿವಿಯಿಂದಲೇ ನಾವು ಇದನ್ನು ಕೇಳುತ್ತಿದ್ದೇವೆ. ಈ ಹಾಡಿನಿಂದ ಕೇರಿಗೆ ನಲ್ಲಿ ಬರುವುದಿಲ್ಲ, ನಿಜ. ಆದರೆ 30 ಪೌಂಡಿಗೆ ಹಾಡಿ, ಮೂವತ್ತು ವರ್ಷದ ಮೇಲೆ ತನ್ನ ಹೆಸರು ಬರೆಸಿಕೊಂಡ ಹೆಣ್ಣುಮಗಳ ಕತೆ ಬಂತು. ಅದರಿಂದ ಒಂದು ಕೆಲಸ ಆಗಿದೆ. ಈ ವರ್ಷ ಮೇಷ್ಟ್ರ ಶಾಲೆಯಲ್ಲಿ ನಮ್ಮ ಗೆಳೆಯನ ಚಿತ್ರಗಳನ್ನು ತೂಗುಹಾಕಿದೆವು. ಒಂದೊಂದು ಚಿತ್ರದ ಕೆಳಗೂ ಹೆಸರುಗಳಿದ್ದವು: ಮುಖ ಕೊಟ್ಟವರದು, ತಮಟೆ ಕಾಯಿಸಿದವರದು, ಏಣಿ ಹಿಡಿದವರದು, ಪೊರಕೆ ತಂದ ಅವ್ವಂದಿರದು. ಬಾರಿಸಲು ಬಂದ ಐದೂ ಜನರ ಹೆಸರು ಕರಪತ್ರದಲ್ಲಿ ಭಾಷಣಕಾರರಷ್ಟೇ ದಪ್ಪ ಅಕ್ಷರದಲ್ಲಿತ್ತು. ಬಾರಿಸುವ ಮುಂಚೆಯೇ ಅವರ ಕೈಗೆ ಕೂಲಿ ಕೊಟ್ಟಿದ್ದೆವು.